ನಾನು ಸತ್ತ ದಿನದ ಊಟ

ನಾನು ಒಂದು ಸಲ ಸತ್ತು, ಅದೇ ದಿನ ಮಧ್ಯಾಹ್ನ ಎದ್ದು ಬಂದು ಮೂರು ಮುದ್ದೆ ಉಂಡಿದ್ದೇನೆ. ಬಿಳಿಗೆರೆಯ ಸುತ್ತ ಹದಿನಾರು ಹಳ್ಳಿಯಲ್ಲಿ ಈ ಕೆಲಸ ಮಾಡಿದವನು ಇನ್ನೊಬ್ಬನಿಲ್ಲ. ಯಮ ಬಂದಿದ್ದ, ಬರಲಿಲ್ಲ ಎನ್ನುವುದಿಲ್ಲ. ತೋಟದ ಬದುವಿನ ಮೇಲೆ ಕೂರಿಸಿ ಎರಡು ಎಳನೀರು ಕೆತ್ತಿ ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು, “ಇಂಥ ನೀರು ನಮ್ಮ ಕಡೆ ಇಲ್ಲ ಕಣಪ್ಪ” ಎಂದು ಕೋಣ ಹತ್ತಿ ಹೊರಟುಹೋದ. ನಂಬದಿದ್ದರೆ ಬಿಡಿ. ಆ ಸಾವಿನ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ. ಬಾರದೆ ವಿಧಿಯಿಲ್ಲ.

ನನ್ನ ಹೆಸರು ಸಣ್ಣತಿಮ್ಮಯ್ಯ. ಎರಡು ಸಲ ಶಾಸಕನಾಗಿ ಮೂರನೇ ಸಲ ಸೋತ ಮಾಯಣ್ಣ ನನ್ನ ಒಡಹುಟ್ಟಿದ ಅಣ್ಣ. ಬೇರೆಯವರು ಮುದ್ದೆ ತೊಳಸುವ ಹಾಗೆ ಅವನನ್ನು ತೊಳಸಿ, ಕಟ್ಟಿ, ವಿಧಾನಸೌಧದ ತಟ್ಟೆಗೆ ಇಟ್ಟವನು ನಾನು. ಮೊದಲ ಚುನಾವಣೆಯಲ್ಲಿ ನಾನು ಮಾಡಿದ ಭಾಷಣ ಕೇಳಿ ಎದುರಾಳಿಯ ಅತ್ತೆಯೇ ನಮಗೆ ಓಟು ಹಾಕಿದಳು. ನನಗೆ ಮದುವೆ ಮಾತ್ರ ಆಗಲಿಲ್ಲ. ಏಳು ಜಿಲ್ಲೆಯವರು ಹೆಣ್ಣು ಕೊಡಲು ಬಂದರು, ಯಾರ ಮನಸ್ಸು ನೋಯಿಸುವುದೆಂದು ಸುಮ್ಮನಾದೆ.

ನಮ್ಮ ಮನೆ ಇರುವುದು ತಿಪಟೂರಿನ ಪಕ್ಕದ ಬಿಳಿಗೆರೆಯಲ್ಲಿ. ಅಣ್ಣ ಚುನಾವಣೆಗೆ ನಿಲ್ಲುತ್ತಿದ್ದುದು ಪಕ್ಕದ ಕ್ಷೇತ್ರದಲ್ಲಿ, ದಬ್ಬೇಘಟ್ಟದ ಕಡೆ. ಹಾಗಾಗಿ ನಮ್ಮ ಮನೆಯ ಐದು ಓಟಿನಲ್ಲಿ ಒಂದೂ ಅವನಿಗೆ ಬೀಳುವುದಿಲ್ಲ. ಅವನು ಶಾಸಕನಾಗಿದ್ದ ಹತ್ತು ವರ್ಷವೂ ಆ ಕಡೆಯ ಜನ ಬಸ್ಸು ಹತ್ತಿ ನಮ್ಮ ಜಗಲಿಗೆ ಬರುತ್ತಿದ್ದರು. ಕೈಯಲ್ಲಿ ಅರ್ಜಿ, ಹೊಟ್ಟೆಯಲ್ಲಿ ಹಸಿವು. ಅರ್ಜಿ ನನ್ನ ಪಾಲು, ಹಸಿವು ಅತ್ತಿಗೆಯ ಪಾಲು. ನಾನು ಅರ್ಜಿ ಇಸಿದುಕೊಂಡು, ‘ಸ್ವೀಕರಿಸಿದೆ, ಸಣ್ಣತಿಮ್ಮಯ್ಯ, ಶಾಸಕರ ತಮ್ಮ’ ಎಂದು ಒಂದು ಚೀಟಿ ಬರೆದು, ಬಾಲ ಬಿಟ್ಟು ಸಹಿ ಹಾಕಿ ಕೊಡುತ್ತಿದ್ದೆ. ಅತ್ತಿಗೆ ಚಿಕ್ಕಗೌರಮ್ಮ ದಿನಕ್ಕೆ ಸಾವಿರ ಮುದ್ದೆ ಕಟ್ಟುತ್ತಿದ್ದರು.

ಮೂರನೇ ಚುನಾವಣೆಯಲ್ಲಿ ಅಣ್ಣ ಆರೇ ಆರು ಓಟಿನಿಂದ ಸೋತ. ದಬ್ಬೇಘಟ್ಟದ ಆಚೆ ಕಾಲುವೆ ಸಾಲಿನ ಹಳ್ಳಿಗಳು ಕೈಕೊಟ್ಟವು. ಯಾಕೆಂದು ಅಣ್ಣನಿಗೆ ಹೇಳಿದವನು ನಾನೇ. ಓಟಿಗೆ ಮೂರು ವಾರ ಇರುವಾಗ ಆ ಕಡೆಯಿಂದ ನಾನೂರು ಜನ ಬಂದಿದ್ದರು, ಅವತ್ತು ಅಣ್ಣ ಬೆಂಗಳೂರಿನಲ್ಲಿದ್ದ, ಅತ್ತಿಗೆ ‘ಊಟ ಇಲ್ಲ’ ಎಂದು ಅವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿಬಿಟ್ಟರು ಎಂದೆ.

“ನಾನು ಹಂಗಂದಿಲ್ಲ,” ಎಂದರು ಅತ್ತಿಗೆ. “ಮುದ್ದೆ ಕಟ್ಟಿ, ಸಾರು ಇಳಿಸಿ ಹೊರಕ್ಕೆ ಬಂದೆ. ಜಗಲಿ ಖಾಲಿ. ಅಷ್ಟೂ ಮುದ್ದೇನ ಕೊನೆಗೆ ದನದ ಮುಂದೆ ಇಟ್ಟೆ.”

ನನ್ನ ಮಾತನ್ನು ನಮ್ಮ ಮನೆಯ ಎಮ್ಮೆಯೂ ನಂಬುವುದಿಲ್ಲ. ಆದರೆ ಸೋತು ಕೂತವನಿಗೆ ಯಾರದಾದರೂ ತಪ್ಪು ಬೇಕಿತ್ತು. ಮೇಲಾಗಿ ಅದರ ಹಿಂದಿನ ವಾರವೇ ಅತ್ತಿಗೆ, “ನನ್ನ ರಟ್ಟೆ ಬಿದ್ದೋಯ್ತು, ನಾಳೆಯಿಂದ ಒಲೆ ಹಚ್ಚಲ್ಲ” ಎಂದು ಬೀದಿಗೆ ಕೇಳುವಂತೆ ಕೂಗಿದ್ದರು. ಅಣ್ಣ ನಂಬಿದ. ಊರೂ ನಂಬಿತು. ಮದುವೆಮನೆಯಲ್ಲಿ ಹೆಂಗಸರು ಅತ್ತಿಗೆಯನ್ನು ತೋರಿಸಿ, “ಇವಮ್ಮನೇ ಅಲ್ವಾ, ಒಂದು ಮುದ್ದೆಗೆ ಗಂಡನ ಕುರ್ಚಿ ಕಳೆದೋಳು” ಎನ್ನತೊಡಗಿದರು. ಅತ್ತಿಗೆ ಮದುವೆಮನೆಗೆ ಹೋಗುವುದನ್ನೇ ಬಿಟ್ಟರು. ಹೊರಗಿನವರಿಗೆ ಒಲೆ ಹಚ್ಚುವುದನ್ನೂ ಬಿಟ್ಟರು. ಅಣ್ಣನೊಡನೆ ನೇರವಾಗಿ ಮಾತಾಡುವುದನ್ನೂ ಬಿಟ್ಟರು. ಹೀಗೆ ನಾಲ್ಕು ವರ್ಷ ಕಳೆಯಿತು.

ಈ ವರ್ಷ ಯುಗಾದಿ ಕಳೆದ ವಾರ, ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ಅಣ್ಣ ಸೊಸೆಯನ್ನು ಕರೆದ. ಸೊಸೆ ಯೋಗಿತಾ ತಿಪಟೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ಗಂಡ ಗಂಗಾಧರ, ಅಣ್ಣನ ಒಬ್ಬನೇ ಮಗ, ತೋಟ ನೋಡಿಕೊಳ್ಳುತ್ತಾನೆ.

“ಯೋಗಿತಾ, ನಿಮ್ಮತ್ತೆಗೆ ಹೇಳಮ್ಮ. ಪಕ್ಷದೋರು ಮತ್ತೆ ನಿಂತ್ಕೊ ಅಂತಾವ್ರೆ. ದಬ್ಬೇಘಟ್ಟದ ಕಡೆಯೋರ್ನ ಸರಿ ಮಾಡ್ಕೊಂಡ್ರೆ ಟಿಕೆಟ್ ನಿಂದೇ ಅಂದವ್ರೆ. ಇನ್ಮೇಲೆ ಜಗಲಿಗೆ ಜನ ಬತ್ತಾರೆ. ಒಲೆ ಹಚ್ಬೇಕಾಗ್ತದೆ.”

ಅತ್ತಿಗೆ ಅವನಿಂದ ಮೂರು ಹೆಜ್ಜೆ ದೂರದಲ್ಲಿ ಕಾಯಿ ತುರಿಯುತ್ತಿದ್ದರು. “ಯೋಗಿತಾ, ನಿಮ್ಮ ಮಾವಂಗೆ ಹೇಳವ್ವ. ನಾನು ಊಟ ಇಲ್ಲ ಅನ್ನೋ ಹೆಂಗ್ಸು. ಊರಿಗೇ ಗೊತ್ತೈತೆ.”

“ಅತ್ತೆ, ನಂಗೆ ಎಂಟೂಕಾಲರ ಬಸ್ಸಿದೆ. ಟಿಫನ್ ಬಾಕ್ಸ್ ಕೊಡಿ, ಮಿಕ್ಕಿದ್ದು ನೀವಿಬ್ರೇ ಮಾತಾಡ್ಕೊಳಿ.”

“ಹಳೇದನ್ನ ಇನ್ನೂ ಎಷ್ಟ್ ದಿನ ಹಿಡ್ಕೊಂಡು ಕೂತ್ಕೊತಾಳೆ ಅಂತ ಕೇಳಮ್ಮ,” ಎಂದ ಅಣ್ಣ.

ತುರಿಯುವ ಸದ್ದು ನಿಂತಿತು. “ಹಿಡ್ಕೊಂಡಿರೋದು ನಾನಲ್ಲ ಅಂತ ಹೇಳು. ನಾನು ಊಟ ಇಲ್ಲ ಅಂದೆ ಅಂತ ಊರೆಲ್ಲ ಸಾರಿದ್ದಾಯ್ತಲ್ಲ. ಅಂದಿಲ್ಲ ಅಂತ ಅಷ್ಟೇ ಜೋರಾಗಿ ಸಾರ್ಲಿ. ಅವತ್ತು ಒಲೆ ಹಚ್ತೀನಿ. ಅಲ್ಲೀತನಕ ಈ ಮನೇಲಿ ಐದೇ ಜನಕ್ಕೆ ಅಡುಗೆ.”

“ಸುಳ್ಳು ಸಾರಕ್ಕಾಯ್ತದಾ?” ಎಂದು ಅಣ್ಣ ಕೈ ತೊಳೆದು ಎದ್ದ.

ಗಂಗಾಧರ ನನ್ನ ಕಡೆ ನೋಡಿದ. “ನೀವೇ ಅಲ್ವಾ ಚಿಕ್ಕಪ್ಪ, ಅವತ್ತು ಮನೇಲಿದ್ದೋರು?”

“ಇದ್ದೆ ಕಣಪ್ಪ. ಕಣ್ಣಾರೆ ಕಂಡೆ,” ಎಂದು ನಾನು ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡೆ.

ಇಲ್ಲಿ ನಮ್ಮ ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ಕೊಬ್ಬರಿಗೆಂದು ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಇಡೀ ಕಾಯಿಯನ್ನೇ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ತಾನೇ ಇಂಗುತ್ತದೆ, ತಿರುಳು ತಾನೇ ಚಿಪ್ಪು ಬಿಡುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಇಳಿಸಿ ಸುಲಿದರೆ ಉಂಡೆ ಕೊಬ್ಬರಿ. ಮನುಷ್ಯ ಮಾಡಬೇಕಾದದ್ದು ಒಂದೇ, ಮುಟ್ಟದೆ ಸುಮ್ಮನಿರುವುದು. ಆ ಕೆಲಸದಲ್ಲಿ ನನ್ನನ್ನು ಮೀರಿಸಿದವರು ಮೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ. ಕೊಟ್ಟಿಗೆಯ ಮೇಲಿನ ನಮ್ಮ ಅಟ್ಟದಲ್ಲಿ ಒಂದು ಲಕ್ಷ ಕಾಯಿ ಇತ್ತು, ಒಂದೊಂದನ್ನೂ ನಾನೇ ಕಿವಿಗಿಟ್ಟು ಕೇಳಿದ್ದೆ.

ಅಟ್ಟದ ಬಡಗಣ ಮೂಲೆಯನ್ನು ಮಾತ್ರ ನಾನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಪ್ರತಿ ವರ್ಷ, “ಆ ಮೂಲೇದು ಇನ್ನೂ ಆಡಿಲ್ಲ, ಹಸಿ ಐತೆ” ಎನ್ನುತ್ತಿದ್ದೆ. ಈ ವರ್ಷ ಕೊಬ್ಬರಿಗೆ ರೇಟು ಬಂತು ನೋಡಿ, ಗಂಗಾಧರನಿಗೆ ತಡೆಯಲಾಗಲಿಲ್ಲ.

“ಅಟ್ಟ ಪೂರ್ತಿ ಇಳಿಸ್ತೀನಿ ಚಿಕ್ಕಪ್ಪ. ಸೋಮವಾರದ ಹರಾಜಿಗೆ ಹೋಗ್ಬೇಕು.”

“ಬಡಗಣ ಮೂಲೆ ಬುಡು.”

“ಅಲ್ಲಿರೋ ಕಾಯಿ ನಾನು ಪಿಯುಸಿ ಓದುವಾಗ್ಲಿಂದ ಒಣಗ್ತಾ ಐತೆ. ಇನ್ನೂ ಹಸಿನಾ?”

“ಕೆಲವು ಮರದ ಬುದ್ಧಿ ಹಂಗೆ ಕಣ್ಲಾ.”

“ಹಾವಿದೆ ಅಂತಿದ್ರಿ ಹೋದ ವರ್ಷ.”

“ಹಾವೂ ಐತೆ. ಏಳು ಹೆಡೆ.”

ಅವನು ನಗುತ್ತ ಏಣಿ ಹತ್ತಿದ. ಕೆಳಗೆ ಕೊಟ್ಟಿಗೆಯ ಮುಂದೆ ರಂಗಕ್ಕ ಮತ್ತು ಅವಳ ಜೊತೆಯ ಆರು ಹೆಂಗಸರು ಮಚ್ಚು ಹಿಡಿದು ಸುಲಿಯಲು ಕೂತಿದ್ದರು. ರಂಗಕ್ಕ ನಮ್ಮೂರಿನವಳು. ಮೂವತ್ತು ವರ್ಷದಿಂದ ನಮ್ಮ ಮನೆಯ ಕೊಬ್ಬರಿ ಸುಲಿಯುವವಳು ಅವಳೇ. ಗಂಗಾಧರ ಕಿಂಡಿಯಿಂದ ಕಾಯಿ ಬೀಳಿಸುತ್ತಿದ್ದ, ದಬದಬ ಸದ್ದು. ಮೂರನೆಯ ದಿನ ಆ ಸದ್ದು ಬದಲಾಯಿತು. ಧೊಪ್ ಎಂದು ಒಂದು ಗೋಣಿಮೂಟೆ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೊಂದು. ನಾಲ್ಕನೆಯದು ಬಿದ್ದ ಏಟಿಗೆ ಹೊಲಿಗೆ ಬಿಚ್ಚಿ ಅಂಗಳದ ತುಂಬ ಕಾಗದ ಚೆಲ್ಲಿತು.

ರಂಗಕ್ಕ ಒಂದನ್ನು ಎತ್ತಿಕೊಂಡು ತಿರುಗಿಸಿದಳು. ಅವಳಿಗೆ ಓದಲು ಬರುವುದಿಲ್ಲ. ಆದರೆ ಕಾಗದದ ಕೆಳತುದಿ ನೋಡಿ, “ಅಯ್ಯ, ಇದು ನನ್ನ ಹೆಬ್ಬೆಟ್ಟು!” ಎಂದಳು.

“ಹೆಬ್ಬೆಟ್ಟಲ್ಲಿ ಏನ್ ಗೊತ್ತಾಯ್ತದೆ ರಂಗಕ್ಕ?” ಎಂದೆ ನಾನು.

“ಮಚ್ಚು ತಾಗಿದ ಗೀಟು ನೋಡಪ್ಪ ಅಡ್ಡಕ್ಕೆ.” ಹೆಬ್ಬೆರಳನ್ನು ಕಾಗದದ ಪಕ್ಕಕ್ಕಿಟ್ಟಳು. ಗುರುತಿನಲ್ಲೂ ಬೆರಳಿನಲ್ಲೂ ಒಂದೇ ಗೀಟು. “ಗಂಡ ಸತ್ತಾಗ ಪಿಂಚಣಿಗೆ ಅಂತ ನಿನ್ನ ಕೈಗೇ ಕೊಟ್ಟಿದ್ದೆ. ಬೆಂಗಳೂರಿಗೆ ಹೋಯ್ತು, ಮಂತ್ರಿ ಮೇಜಿನ ಮೇಲೈತೆ ಅಂದಿದ್ದೆ. ಹನ್ನೊಂದು ಸಲ ತಾಲ್ಲೂಕಾಪೀಸಿಗೆ ತಿರುಗಿ ನಾನೇ ಮಾಡಿಸ್ಕಂಡೆ ಕಣಪ್ಪ. ಮಂತ್ರಿ ಮೇಜು ನಿಮ್ಮ ಅಟ್ಟದಲ್ಲೈತೆ ಅಂದಿದ್ರೆ ಅಷ್ಟು ದೂರ ಯಾಕ್ ಹೋಗ್ತಿದ್ದೆ?”

ಹೆಂಗಸರೆಲ್ಲ ನಕ್ಕರು. ಅಣ್ಣ ಜಗಲಿಯಿಂದ ಇಳಿದು ಬಂದ. ನಗು ನಿಂತಿತು.

“ಏನ್ಲಾ ಇದು, ತಿಮ್ಮ?”

“ಇಲಿ,” ಎಂದೆ. “ಹೆಗ್ಗಣ. ಆಫೀಸು ಕೋಣೆಯಿಂದ ಹೊತ್ಕೊಂಡು ಹೋಗಿರಬೇಕು.”

“ನಾಲ್ಕು ಮೂಟೆ?”

“ಸಂಸಾರ ದೊಡ್ಡದು.”

ಮೇಲಿನಿಂದ ಗಂಗಾಧರ ಕಿಂಡಿಯಲ್ಲಿ ತಲೆ ತೂರಿಸಿದ. “ಇಲಿ ದಬ್ಬಳ ಹಿಡ್ಕೊಂಡು ಬಾಯಿ ಹೊಲಿದವೆ ಅಪ್ಪ. ಹೊಲಿಗೆ ಚೆನ್ನಾಗೈತೆ.”

ಅಣ್ಣ ಬೈದಿದ್ದರೆ ನಾನು ಗೆಲ್ಲುತ್ತಿದ್ದೆ. ಬಾಯಿಮಾತಿನ ಜಗಳದಲ್ಲಿ ನಾನು ಸೋತ ದಾಖಲೆಯೇ ಇಲ್ಲ. ಅವನು ಪಂಚೆ ಎತ್ತಿಕಟ್ಟಿ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಾಗದ ಆರಿಸತೊಡಗಿದ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು. ಅವನನ್ನಲ್ಲ, ನನ್ನನ್ನು.

ಮುಂದಿನ ಒಂಬತ್ತು ದಿನ ಅಣ್ಣ ಜಗಲಿ ಬಿಟ್ಟು ಏಳಲಿಲ್ಲ. ಕಾಗದ ಓದುತ್ತ ಮುದ್ದೆ ಮುರಿದು ಸಾರಿಗೆ ಬದಲು ನೀರಿನ ಲೋಟಕ್ಕೆ ಅದ್ದಿದ. ಯೋಗಿತಾ ಕಾಲೇಜಿನಿಂದ ಬಂದು ಅವನ ಪಕ್ಕ ಕೂತು, ಊರುಗಳ ಲೆಕ್ಕದಲ್ಲಿ ಕಂತೆ ಕಟ್ಟಿದಳು.

“ಇದು ಬಸ್ಸಿಗೆ. ಇದು ಸ್ಮಶಾನಕ್ಕೆ ದಾರಿ. ಮಾವ, ಇವರು ಮಗಳ ಮದುವೆಗೆ ಸಮುದಾಯ ಭವನ ಕೇಳಿದಾರೆ. ಆ ಮಗಳಿಗೆ ಈಗ ಮಗು ಇರುತ್ತೆ.”

“ಇಡು. ಮಗೀನ ಮದುವೆಗಾದ್ರೂ ಆಗ್ಲಿ.”

ಆಮೇಲೆ ಒಂದು ಕಾಗದವನ್ನು ಅವನು ಎರಡು ಸಲ ಓದಿದ. ದಬ್ಬೇಘಟ್ಟದ ಆಚೆಯ ಕಾಲುವೆಯಲ್ಲಿ ತೂಬಿನ ಗೇಟು ಮುರಿದಿದೆ, ಕೊನೆಯ ಗದ್ದೆಗಳಿಗೆ ನೀರು ಬರುತ್ತಿಲ್ಲ, ದಯಮಾಡಿ ರಿಪೇರಿ ಮಾಡಿಸಿಕೊಡಬೇಕು. ಕೆಳಗೆ ಮೂವತ್ತು ಸಹಿ. ಮೊದಲನೆಯದು ದುರ್ಗಯ್ಯ ಎಂಬುವರದು. ತಾರೀಖು ನೋಡಿದರೆ ಏಳು ವರ್ಷದ ಹಿಂದಿನದು.

“ತಿಮ್ಮ, ಅವತ್ತು ಊಟ ಇಲ್ದೆ ವಾಪಸ್ ಹೋದೋರು ಈ ಕಡೆಯೋರೇ ಅಲ್ವಾ? ಇದನ್ನೇ ಕೇಳಕ್ಕೆ ಬಂದಿದ್ರಾ?”

“ಇಲ್ಲಪ್ಪ. ಬರೀ ಊಟಕ್ಕೆ ಬಂದಿದ್ರು.”

“ತುರುವೇಕೆರೆ ದಾಟಿ ಬಸ್ಸು ಹಿಡಿದು ಬರೀ ಊಟಕ್ಕೆ ಬತ್ತಾರಾ?” ಒಳಗಿನಿಂದ ಅತ್ತಿಗೆಯ ದನಿ. ಈ ಪ್ರಶ್ನೆ ಯಾರನ್ನು ಕೇಳಿದ್ದೆಂದು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು.

ಮರುದಿನವೇ ಅಣ್ಣ ಬಿಳಿ ಅಂಗಿ ಹಾಕಿ ಬಸ್ಸು ಹತ್ತಿ ನೀರಾವರಿ ಕಚೇರಿಗೆ ಹೋದ. ಜೊತೆಗೆ ಬಾ ಎಂದ. ನನಗೆ ಆ ಕ್ಷಣದಲ್ಲೇ ಬೆನ್ನು ಹಿಡಿದುಕೊಂಡಿತು. ಕಳೆದ ಚುನಾವಣೆಯ ಕೊನೆಯ ಮೂರು ವಾರವೂ ಆ ಕಡೆಗೆ ಹೋಗದಂತೆ ಹಿಡಿದುಕೊಂಡಿದ್ದ ಬೆನ್ನು ಅದೇ.

ಶಾಸಕನಾಗಿದ್ದಾಗ ಎಂಜಿನಿಯರು ಮೆಟ್ಟಿಲಿಳಿದು ಬರುತ್ತಿದ್ದ. ಈಗ ಅಣ್ಣ ಬೆಂಚಿನ ಮೇಲೆ ಕಾಯಬೇಕಾಯಿತು. ಮೊದಲ ದಿನ, “ಸಾಹೇಬರು ಮೀಟಿಂಗಲ್ಲಿದಾರೆ.” ಎರಡನೇ ದಿನ, “ಫೈಲು ತುಮಕೂರಲ್ಲಿದೆ.” ಎರಡೂ ದಿನ ಅಣ್ಣ ಉಪವಾಸ ಬಂದ. ಮೂರನೇ ದಿನ ಬೆಳಿಗ್ಗೆ ಯೋಗಿತಾಳ ಬಾಕ್ಸಿನ ಪಕ್ಕ ಇನ್ನೊಂದು ಬಾಕ್ಸಿತ್ತು.

“ನಿಮ್ಮ ಮಾವಂಗೆ ಕೊಡು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ.”

“ನೀವೇ ಕೊಡ್ಬೋದಲ್ಲ ಅತ್ತೆ. ಅಲ್ಲೇ ಚಪ್ಪಲಿ ಹಾಕ್ಕೊತಾ ಇದಾರೆ.”

“ನೀನು ಕೊಡವ್ವ.”

ಸಂಜೆ ಬಾಕ್ಸು ತೊಳೆದು ಬಂತು. ಅಣ್ಣ ತನ್ನ ಜನ್ಮದಲ್ಲಿ ತೊಳೆದ ಮೊದಲ ಪಾತ್ರೆ ಅದು. ಫೈಲು ಮಾತ್ರ ತುಮಕೂರು ಬಿಟ್ಟು ಕದಲಿರಲಿಲ್ಲ.

ನಾಲ್ಕನೇ ಸಲ ಅವನು ಹೊರಟಾಗ ಅತ್ತಿಗೆ ಸೀರೆ ಬದಲಿಸಿಕೊಂಡು, ಬುತ್ತಿಯ ಚೀಲ ಹಿಡಿದು ಹೊರಬಂದರು. “ಯೋಗಿತಾ, ನಾನೂ ಬತ್ತೀನಿ ಅಂತ ಹೇಳು.”

ಅಣ್ಣ ಚೀಲ ಇಸಿದುಕೊಂಡ. ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋದರು. ನಡುವೆ ಚೀಲ ಇತ್ತಂತೆ.

ಆಮೇಲೆ ನಡೆದದ್ದನ್ನು ಅಣ್ಣ ಮಗನಿಗೆ ಹೇಳುತ್ತಿದ್ದಾಗ ಕೇಳಿಸಿಕೊಂಡೆ. ಒಂದು ಗಂಟೆಯ ತನಕ ಯಾರೂ ಕರೆಯಲಿಲ್ಲ. ಅತ್ತಿಗೆ ಕಚೇರಿಯ ವರಾಂಡದಲ್ಲೇ ಬುತ್ತಿ ಬಿಚ್ಚಿ, ಅಣ್ಣನಿಗೆ ಬಡಿಸಿ, ಬಾಗಿಲಲ್ಲಿದ್ದ ಅಟೆಂಡರ್‌ಗೆ ಎರಡು ರೊಟ್ಟಿ ಕೊಟ್ಟು, “ನಿಮ್ಮ ಸಾಹೇಬ್ರು ಉಂಡ್ರಾ? ಒಳಕ್ಕೆ ಕೊಡಪ್ಪ, ಮನೇದು” ಎಂದರಂತೆ. ರೊಟ್ಟಿ ಒಳಗೆ ಹೋಯಿತು, ಎಂಜಿನಿಯರು ಹೊರಗೆ ಬಂದ. “ಏನಮ್ಮಾ ವಿಷಯ?” ಎಂದ. ಅತ್ತಿಗೆ ಅರ್ಜಿ ಕೊಟ್ಟು ಹೇಳಿದರು, “ಇದು ಏಳು ವರ್ಷ ನಮ್ಮನೇಲೇ ಬಿದ್ದಿತ್ತು ಸ್ವಾಮಿ. ನಿಮ್ಮ ಕಡೆ ತಪ್ಪಿಲ್ಲ, ನಮ್ಮ ಕಡೇದು. ಅದನ್ನ ಹೇಳಿ ಹೋಗಾನ ಅಂತ ಬಂದ್ವಿ.” ಕಚೇರಿಯೊಳಗೆ ನಿಂತು ತಪ್ಪು ತಮ್ಮದೆಂದವರನ್ನು ಆ ಮನುಷ್ಯ ಕಂಡಿರಲಿಲ್ಲವೋ ಏನೋ. ಜೀಪು ತರಿಸಿ ಅವತ್ತೇ ಗೇಟು ನೋಡಿ ಬಂದನಂತೆ. ಐದು ವಾರಕ್ಕೆ ಹೊಸ ಗೇಟು ಬಂತು. ಮುಂಗಾರು ಬಿದ್ದ ಮೇಲೆ ಕಾಲುವೆಗೆ ನೀರೂ ಬಂತು.

ಆಷಾಢದ ಒಂದು ಭಾನುವಾರ ನಾನು ಗೇಟಿನ ಬಳಿ ನಿಂತು ಹಲ್ಲುಜ್ಜುತ್ತಿದ್ದೆ. ದೂರದಲ್ಲಿ ಒಂದು ಟೆಂಪೊ ನಿಂತಿತು. ಇಳಿದವರ ಮುಂದಾಳು ಬಿಳಿ ಮೀಸೆಯ ಎತ್ತರದ ಮನುಷ್ಯ, ಕೈಯಲ್ಲಿ ಹಸಿರು ಬತ್ತದ ಪೈರಿನ ಒಂದು ಕಟ್ಟು. ನಾಲ್ಕು ವರ್ಷದಲ್ಲಿ ಆ ಮೀಸೆ ಮರೆತಿರಲಿಲ್ಲ. ಬ್ರಷ್ಷು ಅಲ್ಲೇ ಎಸೆದು ಓಡಿದೆ. ಕೊಟ್ಟಿಗೆಗೆ ನುಗ್ಗಿ ಏಣಿ ಹತ್ತಿ ಅಟ್ಟಕ್ಕೆ ಹಾರಿದೆ.

ಅಟ್ಟ ಖಾಲಿಯಾಗಿತ್ತು. ಕಾಯಿ ಇಲ್ಲ, ಮೂಟೆ ಇಲ್ಲ. ಒಂದು ಬೆಕ್ಕು ಮಲಗಿತ್ತು. ಬಚ್ಚಿಟ್ಟುಕೊಳ್ಳಲು ಅದರ ಹಿಂದೆ ಜಾಗವಿರಲಿಲ್ಲ.

ಕೆಳಗೆ ಅಂಗಳದಲ್ಲಿ ಮಾತು ಕೇಳುತ್ತಿತ್ತು.

“ನಮಸ್ಕಾರ ಸ್ವಾಮಿ. ನಾನು ದುರ್ಗಯ್ಯ. ಕೊನೇ ಗದ್ದೆಗೆ ನೀರು ಬಂತು. ಬರೀ ಬಾಯಲ್ಲಿ ಹೇಳೋದು ಹೆಂಗೆ ಅಂತ ಪೈರು ಕಿತ್ಕಂಡು ಬಂದ್ವಿ.”

“ಬನ್ನಿ, ಕೂತ್ಕೊಳಿ,” ಎಂದ ಅಣ್ಣ.

“ಊಟ ಮಾಡ್ಕೊಂಡೇ ಹೋಗ್ಬೇಕು,” ಎಂದರು ಅತ್ತಿಗೆ. “ಈಗ ಒಲೆ ಹಚ್ತೀನಿ. ಮಧ್ಯಾಹ್ನದ ಒಳಗೆ ಯಾರಾದ್ರೂ ಜಗಲಿ ಬಿಟ್ಟು ಎದ್ರೆ ಕೇಳಿ.”

ಅವರ ಷರತ್ತು ಇನ್ನೂ ನೆರವೇರಿರಲಿಲ್ಲ. ಆದರೂ ಒಲೆ ಹಚ್ಚಿದರು. ದೊಡ್ಡ ತಪ್ಪಲೆ ಕೆಳಗಿಳಿದ ಸದ್ದು ಅಟ್ಟಕ್ಕೆ ಕೇಳಿತು.

ಊಟದ ಹೊತ್ತಿಗೆ ಗಂಗಾಧರ ಏಣಿಯ ಕೆಳಗೆ ಬಂದು ನಿಂತ. “ಚಿಕ್ಕಪ್ಪ, ಮೇಲೆ ಏನೈತೆ ಅಂತ ಕೂತಿದ್ದೀರಿ? ಇಳೀರಿ, ಬಡಿಸಕ್ಕೆ ಕೈ ಸಾಲ್ತಿಲ್ಲ.”

“ಬೆನ್ನು ಕಣಪ್ಪ.”

“ಏಣಿ ಹತ್ತೋವಾಗ ಬೆನ್ನು ಎಲ್ಲಿತ್ತು?”

ಟವೆಲ್ಲನ್ನು ಮೂಗಿನ ತನಕ ಸುತ್ತಿಕೊಂಡು ಸಾರಿನ ಬಕೆಟ್ ಹಿಡಿದೆ. ಮೊದಲ ಸಾಲು ಮುಗಿಸಿದೆ. ಯಾರೂ ತಲೆ ಎತ್ತಲಿಲ್ಲ. ಗೆದ್ದೆ ಎಂದುಕೊಂಡೆ. ಆಗ ಅಣ್ಣ ಎಲೆಯ ಮುಂದಿನಿಂದಲೇ ಕರೆದ.

“ಮುಖಕ್ಕೇನ್ಲಾ ಟವೆಲ್ಲು? ಬಾ ಇಲ್ಲಿ. ದುರ್ಗಯ್ಯನೋರೇ, ನಿಮ್ಮ ಅರ್ಜಿ ಅಟ್ಟಕ್ಕೆ ಹಾಕಿದ ಪುಣ್ಯಾತ್ಮ ಇವನೇ. ನನ್ನ ತಮ್ಮ, ಸಣ್ಣತಿಮ್ಮಯ್ಯ. ಎಷ್ಟು ಬೇಕೋ ಬಯ್ಯಿರಿ.”

ದುರ್ಗಯ್ಯನ ಕೈ ಮುದ್ದೆಯ ಮೇಲೆ ನಿಂತಿತು. “ಯಾವ ತಮ್ಮ?”

“ಇರೋದೇ ಒಬ್ಬ.”

“ತೀರ್ಕಂಡ್ರಲ್ಲ ಅವ್ರು?”

“ಯಾರು?”

“ಸಣ್ಣತಿಮ್ಮಯ್ಯನೋರು.”

ಸಾಲು ಪೂರ್ತಿ ಊಟ ನಿಲ್ಲಿಸಿತು. ದುರ್ಗಯ್ಯ ಅಂಗಿಯ ಜೇಬಿನಿಂದ ಮಡಿಸಿದ ಹಳೆಯ ಚೀಟಿ ತೆಗೆದು ಎಡಗೈಯಲ್ಲಿ ಹಿಡಿದ. ಬಾಲ ಬಿಟ್ಟ ಸಹಿ ದೂರಕ್ಕೇ ಕಾಣುತ್ತಿತ್ತು.

“ಓಟಿನ ಮುಂಚೆ ಬಂದಿದ್ವಿ ಸ್ವಾಮಿ, ಅರ್ಜಿ ಏನಾಯ್ತು ಅಂತ ಕೇಳಕ್ಕೆ. ಅರ್ಜಿ ತಂದು ಕೊಟ್ಟಿದ್ದು ನಮ್ಮೂರ ಹುಡುಗ, ಸಣ್ಣತಿಮ್ಮಯ್ಯನೋರ ಮುಖ ನಾವ್ಯಾರೂ ಕಂಡಿರ್ಲಿಲ್ಲ. ಮೈಯೆಲ್ಲ ಕಾಯಿ ಮಟ್ಟೆಯ ಧೂಳು ಹತ್ತಿದ್ದ ಆಳೊಬ್ಬ ಬಾಗಿಲಲ್ಲಿದ್ದ. ಸಣ್ಣತಿಮ್ಮಯ್ಯನೋರ್ನ ಕರಿಯಪ್ಪ, ಈ ಚೀಟಿ ಅವರದೇ ಅಂದೆ. ಅವನು ಕಣ್ಣೊರೆಸ್ಕೊಂಡು, ಅವರು ನೆನ್ನೆ ತೀರ್ಕಂಡ್ರು, ಮನೇಲಿ ಸೂತಕ, ನೀರೂ ಕುಡಿಯಂಗಿಲ್ಲ ಅಂದ. ಕೈಮುಗಿದು ತಿರುಗಿದ್ವಿ. ಮಾರನೇ ದಿನ ನೋಡ್ತೀವಿ, ನೀವು ನಮ್ಮೂರಲ್ಲೇ ಗೃಹಪ್ರವೇಶಕ್ಕೆ ಬಂದು, ಕಾಯಿ ಒಡೆದು, ಹೋಳಿಗೆ ಉಣ್ತಾ ಇದ್ದೀರಿ. ಒಡಹುಟ್ಟಿದೋನ ಸೂತಕಾನೇ ಹಿಡೀದೋರು ನಮ್ಮ ಕಷ್ಟ ಹಿಡಿದಾರಾ ಅಂದ್ಕಂಡ್ವಿ. ಯಾರೂ ಓಟು ಹಾಕ್ಲಿಲ್ಲ.”

“ಒಂದು ಮಾತು ಕೇಳ್ಬಾರ್ದಿತ್ತಾ?” ಎಂದ ಅಣ್ಣ.

“ಸಾವಿನ ವಿಷ್ಯ ಮುಖ ನೋಡ್ಕಂಡು ಹೆಂಗ್ ಕೇಳೋದು ಸ್ವಾಮಿ?” ಎಂದು ದುರ್ಗಯ್ಯ ನನ್ನ ಕಡೆ ತಿರುಗಿದ. “ಆ ಟವೆಲ್ಲು ಸ್ವಲ್ಪ ಕೆಳಗಿಳಿಸಪ್ಪ.”

ಇಳಿಸಿದೆ.

“ಇವನೇ ಆ ಆಳು!”

ಸೌಟು ನನ್ನ ಕೈಯಲ್ಲೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು, ಕೈ ಪೂರ್ತಿ ರಾಗಿಹಿಟ್ಟು.

“ತಿಮ್ಮಯ್ಯ, ಬಕೆಟ್ ಕೆಳಗಿಡು,” ಎಂದರು. “ಹೇಳು.”

ಇಲಿ ನೆನಪಾಗಲಿಲ್ಲ. ಏಳು ಹೆಡೆಯ ಹಾವೂ ಬರಲಿಲ್ಲ. ಹೇಳಿಬಿಟ್ಟೆ. ಊಟ ಇಲ್ಲ ಎಂದು ಅತ್ತಿಗೆ ಅಂದಿರಲಿಲ್ಲ. ಅರ್ಜಿ ಕೇಳಿದರೆ ಮೂಟೆಗಳ ವಿಷಯ ಹೊರಬೀಳುತ್ತದೆ ಎಂದು ಹೆದರಿ ನಾನೇ ಅವರನ್ನು ಕಳಿಸಿದ್ದೆ. ಸೋತ ಮೇಲೆ ಅಣ್ಣ ಕೇಳಿದಾಗ ಅತ್ತಿಗೆಯ ಹೆಸರು ಬಾಯಿಗೆ ಬಂತು.

“ಸಾಯ್ಸಕ್ಕೆ ನೀನೇ ಬೇಕಿತ್ತಾ ನಿಂಗೆ?” ಎಂದ ಅಣ್ಣ.

“ಬೇರೆ ಯಾರನ್ನಾದ್ರೂ ಸಾಯ್ಸಕ್ಕೆ ಮನಸ್ಸು ಬರ್ಲಿಲ್ಲ ಅಣ್ಣ.”

ದುರ್ಗಯ್ಯನ ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ಅಣ್ಣ ನಗಲಿಲ್ಲ. ನನ್ನನ್ನು ದಾಟಿ ಬಾಗಿಲ ಕಡೆ ನೋಡಿದ.

“ಗೌರಾ.”

ನಾಲ್ಕು ವರ್ಷದಿಂದ ಆ ಮನೆಯಲ್ಲಿ ಯಾರೂ ಕೇಳದ ಹೆಸರು. ಯೋಗಿತಾ ಅತ್ತೆಯ ಹಿಂದೆ ನಿಂತು ಬಾಯಿ ಮುಚ್ಚಿಕೊಂಡಳು.

“ನೀನು ಊಟ ಇಲ್ಲ ಅಂದಿರ್ಲಿಲ್ಲ. ಅವನು ಹೇಳಿದ್ದು ಸುಳ್ಳು, ಸರಿ. ನಂಬಿದ್ದು ನಾನು. ತಪ್ಪು ನಂದು.” ಆಮೇಲೆ ಸಾಲಿನ ಕಡೆ ತಿರುಗಿ ಭಾಷಣದ ದನಿಯಲ್ಲಿ ಹೇಳಿದ. “ನೀವೆಲ್ಲ ನಿಮ್ಮೂರಿಗೆ ಹೋಗಿ ಇದನ್ನ ಹೇಳ್ಬೇಕು. ಈ ಊರಲ್ಲಿ ನಾನೇ ಮನೆಮನೆಗೆ ಹೋಗಿ ಹೇಳ್ತೀನಿ. ಓಟು ಕೇಳೋದು ಆಮೇಲೆ.”

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಹಣೆಗೆಲ್ಲ ರಾಗಿಹಿಟ್ಟು ಮೆತ್ತಿತು.

“ಉಣ್ಣಿ ಮೊದ್ಲು, ಆರೋಯ್ತದೆ,” ಎಂದರು. ಒಳಗೆ ಹೋದವರು ತಿರುಗಿ ಬಂದರು. “ಓಟಿಗೆ ನಿಂತ್ಕೊಳಿ. ಬೇಡ ಅನ್ನಲ್ಲ. ಆದ್ರೆ ಇನ್ಮೇಲೆ ಅರ್ಜಿ ನನ್ನ ಕೈಗೆ ಬರ್ಲಿ. ಯೋಗಿತಾ ಓದ್ತಾಳೆ, ನಾನು ನೆನಪಿಟ್ಕೊತೀನಿ. ಅಟ್ಟಕ್ಕೆ ಕಾಯಿ ಬಿಟ್ಟು ಇನ್ನೇನೂ ಹೋಗಂಗಿಲ್ಲ.”

“ಓಟಿನ ಮಾತು ನಮ್ಮೂರಲ್ಲಿ ಕೂತು ಆಡ್ತೀವಿ ಕಣವ್ವ,” ಎಂದ ದುರ್ಗಯ್ಯ. “ಈಗ ಇನ್ನೊಂದು ಮುದ್ದೆ ಇಡು.”

ಮುದ್ದೆ ಬಂತು. ಸಾಲು ಎದ್ದಿತು. ಆಮೇಲೆ ಅತ್ತಿಗೆ ಒಂದು ಎಲೆ ಹಾಕಿ ನನ್ನನ್ನು ಕೂರಿಸಿದರು. “ಕೂತ್ಕೊ. ಸತ್ತೋನಿಗೆ ನಾಲ್ಕು ವರ್ಷದ ಎಡೆ ಬಾಕಿ ಐತೆ.”

ಸಿಕ್ಕಿಬಿದ್ದಾಗಿದೆ, ಇನ್ನು ನಿಜ ಹೇಳಿಬಿಡುತ್ತೇನೆ. ಯಮ ಬಂದಿರಲಿಲ್ಲ. ಅವತ್ತು ಬಂದವರು ನಾನೂರಲ್ಲ, ಹದಿನೇಳು ಜನ. ಅಣ್ಣ ಸೋತದ್ದು ಆರು ಓಟಿನಿಂದಲ್ಲ, ಸಾವಿರದ ನೂರ ಹನ್ನೆರಡರಿಂದ. ನನಗೆ ಹೆಣ್ಣು ಕೊಡಲು ಯಾವ ಜಿಲ್ಲೆಯವರೂ ಬಂದಿಲ್ಲ. ಅರ್ಜಿಗಳನ್ನು ನಾನು ದ್ವೇಷಕ್ಕೆ ಬಚ್ಚಿಟ್ಟದ್ದೂ ಅಲ್ಲ. ಕಾಯಿಯ ಹಾಗೆ ಅಟ್ಟದಲ್ಲಿ ಒಂದು ವರ್ಷ ಬಿದ್ದಿದ್ದರೆ ಜನರ ಕಷ್ಟವೂ ತಾನೇ ಒಣಗುತ್ತದೆ, ಕೇಳುವವರು ಮರೆಯುತ್ತಾರೆ ಎಂದುಕೊಂಡಿದ್ದೆ. ನನಗೆ ಗೊತ್ತಿದ್ದ ಕೆಲಸ ಅದೊಂದೇ, ಮುಟ್ಟದೆ ಸುಮ್ಮನಿರುವುದು.

ಸತ್ತ ದಿನ ಮೂರು ಮುದ್ದೆ ಉಂಡೆ ಎಂದೆನಲ್ಲ, ಅದು ಎಲ್ಲಕ್ಕಿಂತ ದೊಡ್ಡ ಸುಳ್ಳು. ಅವರನ್ನು ಕಳಿಸಿ ಒಳಗೆ ಬಂದಾಗ ಅತ್ತಿಗೆ ಖಾಲಿ ಜಗಲಿ ನೋಡಿ, ಏನೂ ತಿಳಿಯದೆ, ನನಗೇ ತಟ್ಟೆ ಇಟ್ಟು, “ಯಾಕೋ ತಿಮ್ಮಯ್ಯ, ಮುಖ ಬಾಡೈತೆ, ಉಣ್ಣು” ಎಂದಿದ್ದರು. ಒಂದು ತುತ್ತೂ ಇಳಿಯಲಿಲ್ಲ.

ಈ ಭಾನುವಾರ ಇಳಿಯಿತು. ಎರಡು ಮುದ್ದೆ. ಬೇಕಾದರೆ ಅತ್ತಿಗೆಯನ್ನು ಕೇಳಿ.